ಈಸ್ಟ್ ಪಂಗಡ ಬದಲಿಸುವುದು ಹೇಗೆ?

ಪ್ರಶ್ನೆ: ಮಗಳು ಬಿಎಸ್ಸಿ ಓದುತ್ತಿದ್ದಾಳೆ. ಬ್ರೆಡ್‌ಗೆ ಹಾಕುವ ಈಸ್ಟ್‌ನಲ್ಲೂ ಎರಡು ಪಂಗಡ ಇವೆ, ಒಂದು ಇನ್ನೊಂದಾಗಿ ಬದಲಾಗುತ್ತದೆ ಅಂದಳು. ಜೀನ್ ಹುಟ್ಟಿನಿಂದಲೇ ಬಂದದ್ದು ಅಲ್ವಾ? ಬದಲಾಗುವುದು ಹೇಗೆ?

ಉತ್ತರ: ಮಗಳು ಹೇಳಿದ್ದು ಸರಿ. ಗಂಡು, ಹೆಣ್ಣು ಅನ್ನುವ ಮಾತು ಮಾತ್ರ ಇಲ್ಲಿ ಬೇಡ. ಎರಡೂ ಒಂದೇ ಗಾತ್ರ, ನೋಡಲು ಒಂದೇ ಥರ. ಅದಕ್ಕೇ ಸುಮ್ನೆ ‘ಎ’ ಮತ್ತು ‘ಆಲ್ಫಾ’ ಎಂದು ಕರೆಯುತ್ತಾರೆ. ಒಂದೊಂದೂ ತನ್ನದೇ ಪ್ರೋಟೀನ್ ತುಣುಕನ್ನು ಹೊರಗೆ ಬಿಡುತ್ತದೆ. ಆಲ್ಫಾ ಬಿಡುವ ತುಣುಕಿನಲ್ಲಿ 13 ಅಮೈನೊ ಆಮ್ಲ, ಎ ಬಿಡುವುದರಲ್ಲಿ 12. ಅದರ ‘ವಾಸನೆ’ ಸಿಕ್ಕಿದ ಎದುರು ಪಂಗಡದ ಕೋಶ ಬೆಳೆದು ಒಡೆಯುವುದನ್ನು ನಿಲ್ಲಿಸಿ ಅದರ ಜೊತೆ ಕೂಡಿಕೊಳ್ಳಲು ಆ ಕಡೆಗೆ ಮೂತಿ ಚಾಚುತ್ತದೆ. ಓಡಾಡಲು ಬಾರದ ಜೀವಿ, ಪಾಪ, ಇನ್ನೇನು ಮಾಡೀತು!

ಈಗ ನಿಮ್ಮ ಪ್ರಶ್ನೆ. ಪಂಗಡ ತೀರ್ಮಾನವಾಗುವುದು 3ನೇ ಕ್ರೋಮೋಸೋಮಿನ ‘ಮ್ಯಾಟ್’ ಎಂಬ ಜಾಗದಲ್ಲಿ. ಅದೇ ಕ್ರೋಮೋಸೋಮಿನ ಎರಡು ತುದಿಗಳ ಹತ್ತಿರ ಒಂದು ಕಡೆ ಆಲ್ಫಾದ, ಇನ್ನೊಂದು ಕಡೆ ಎ-ಯ ಪ್ರತಿ ಇರುತ್ತದೆ. ‘ಸರ್’ ಎಂಬ ಪ್ರೋಟೀನುಗಳು ಇವೆರಡನ್ನೂ ಮುಚ್ಚಿಟ್ಟಿರುತ್ತವೆ. ಟೇಪ್ ರೆಕಾರ್ಡರ್ ಕಂಡವರಿಗೆ ಇದು ಸುಲಭ: ಮ್ಯಾಟ್ ಅಂದರೆ ಪ್ಲೇಯರ್, ಉಳಿದೆರಡು ಡಬ್ಬಿಯಲ್ಲಿಟ್ಟ ಕ್ಯಾಸೆಟ್. 1977ರಲ್ಲಿ ಹಿಕ್ಸ್, ಸ್ಟ್ರಾಥರ್ನ್ ಮತ್ತು ಹರ್ಸ್ಕೊವಿಟ್ಜ್ ಎಂಬ ವಿಜ್ಞಾನಿಗಳು ಇದನ್ನು ಕ್ಯಾಸೆಟ್ ಮಾದರಿ ಎಂದೇ ಕರೆದರು.

ಬದಲಾಗುವ ಹೊತ್ತಿಗೆ ‘ಎಚ್‌ಒ’ ಎಂಬ ಕಿಣ್ವ ಮ್ಯಾಟ್ ಜಾಗದಲ್ಲಿ ಡಿಎನ್ಎಯ ಎರಡೂ ಎಳೆಗಳನ್ನು ಕತ್ತರಿಸುತ್ತದೆ. ಕೋಶ ಅದನ್ನು ರಿಪೇರಿ ಮಾಡಲೇಬೇಕು. ಮುಚ್ಚಿಟ್ಟ ಪ್ರತಿಯನ್ನು ನೋಡಿಕೊಂಡು ರಿಪೇರಿ ಮಾಡುತ್ತದೆ, ಎ ಇದ್ದಲ್ಲಿ ಆಲ್ಫಾ ಬಂದು ಕೂರುತ್ತದೆ. ಮೂಲ ಕ್ಯಾಸೆಟ್ ಕದಲುವುದಿಲ್ಲ, ಅದರ ಜೆರಾಕ್ಸ್ ಮಾತ್ರ ಬರುತ್ತದೆ. ಹಾಗಾಗಿ ಮುಂದೊಮ್ಮೆ ಮತ್ತೆ ಎ ಆಗಲೂ ಅಡ್ಡಿಯಿಲ್ಲ. ಜೀನ್ ಹುಟ್ಟಿನಿಂದ ಬಂದದ್ದೇ, ಆದರೆ ಎರಡೂ ಬಂದಿವೆ.

ನನಗೆ ಜಾಸ್ತಿ ಇಷ್ಟವಾಗುವುದು ಇದರ ಮುಂದಿನ ಕಥೆ. ಈಸ್ಟ್ ಮೊಗ್ಗೊಡೆದು ಹೆಚ್ಚುತ್ತದೆ. ಒಮ್ಮೆಯಾದರೂ ಹೆತ್ತ ತಾಯಿಕೋಶ ಮಾತ್ರ ಪಂಗಡ ಬದಲಿಸಬಲ್ಲದು, ಆಗಷ್ಟೇ ಹುಟ್ಟಿದ ಮಗಳಿಗೆ ಅದು ಆಗುವುದಿಲ್ಲ. ಯಾಕೆಂದರೆ ‘ಆಶ್1’ ಎಂಬ ಪ್ರೋಟೀನನ್ನು ತಯಾರಿಸುವ ಸೂಚನೆಯಾದ ಆರ್‌ಎನ್‌ಎಯನ್ನು ತಾಯಿ ಮೊಗ್ಗಿನ ತುದಿಗೆ ಸಾಗಿಸಿಬಿಟ್ಟಿರುತ್ತದೆ. ಆ ಪ್ರೋಟೀನು ಮಗಳಲ್ಲಿ ಎಚ್‌ಒ ಜೀನ್‌ಗೆ ಬೀಗ ಹಾಕುತ್ತದೆ. ಎಲ್ಲೋ ಒಂಟಿಯಾಗಿ ಬಿದ್ದ ಎ ಬೀಜಕ ಎರಡು ಸಲ ಒಡೆದು ನಾಲ್ಕಾಯಿತು ಅಂದುಕೊಳ್ಳಿ. ಅಷ್ಟರಲ್ಲಿ ತಾಯಿ ಬದಲಾಗಿ, ಅದರ ಎರಡನೇ ಮಗಳೂ ಆಲ್ಫಾ ಆಗಿಯೇ ಹುಟ್ಟಿರುತ್ತದೆ. ಮೊದಲ ಮಗಳು ಮತ್ತು ಮೊಮ್ಮಗಳು ಎ ಆಗಿಯೇ ಉಳಿದಿರುತ್ತವೆ. ಮನೆಯೊಳಗೇ ಜೋಡಿ ಸಿಕ್ಕಿತು! ನಮ್ಮ ಕಡೆಯ ಸೋದರ ಸಂಬಂಧವನ್ನೂ ಮೀರಿಸುವ ಮದುವೆ ಇದು.

ಮಗಳಿಗೆ ಒಂದು ಮಾತು ಹೇಳಿ. ಲ್ಯಾಬ್‌ನಲ್ಲಿ ಬಳಸುವ ಈಸ್ಟ್‌ನಲ್ಲಿ ಸಾಮಾನ್ಯವಾಗಿ ಎಚ್‌ಒ ಜೀನ್ ಕೆಟ್ಟಿರುತ್ತದೆ. ಅಲ್ಲಿ ಎ ಅಂದರೆ ಎ, ಆಲ್ಫಾ ಅಂದರೆ ಆಲ್ಫಾ. ಪಂಗಡ ಪದೇ ಪದೇ ಬದಲಾದರೆ ಬೇಕಾದ ಜೋಡಿಯನ್ನು ಕೂಡಿಸುವುದು ಕಷ್ಟ ನೋಡಿ. ಇನ್ನು ನಿಮ್ಮ ಬ್ರೆಡ್ ಹಿಟ್ಟಿನ ವಿಷಯ: ಪ್ಯಾಕೆಟ್ ಈಸ್ಟ್‌ನ ಕೋಶಗಳಲ್ಲಿ ಹೆಚ್ಚಾಗಿ ಎ ಮತ್ತು ಆಲ್ಫಾ ಮೊದಲೇ ಕೂಡಿಕೊಂಡಿರುತ್ತವೆ, ಹಿಟ್ಟಿನಲ್ಲಿ ಅವು ಬರೀ ಮೊಗ್ಗೊಡೆಯುತ್ತವೆ.