ಬಾಯಿ ಬಿಟ್ಟು ಹೇಳದ ತಾರತಮ್ಯವನ್ನು ಅಮೆರಿಕದ ನ್ಯಾಯಾಲಯಗಳು ಹೇಗೆ ಗುರುತಿಸುತ್ತವೆ?

ಅಮೆರಿಕದಲ್ಲಿ ಮಾಲೀಕನೊಬ್ಬ ‘ಮನೆ ಖಾಲಿ ಇಲ್ಲ’ ಎಂದಷ್ಟೇ ಹೇಳಿ ಸಾಗಹಾಕಿದರೆ, ಅದಕ್ಕೆ ಜನಾಂಗವೇ ಕಾರಣ ಎಂದು ಸಾಬೀತು ಮಾಡಲು ಸಾಧ್ಯವೇ ಎಂದು ಕೇಳಿದ್ದೀರಿ. ಸಾಧ್ಯ. ತಾರತಮ್ಯ ಮಾಡುವವನು ಅದನ್ನು ಬರೆದುಕೊಡುವುದಿಲ್ಲ ಎಂಬುದು ನ್ಯಾಯಾಧೀಶರಿಗೂ ಗೊತ್ತು. ಆದ್ದರಿಂದ ಅದೇ ಮನೆ ಕೇಳಿಕೊಂಡು ಬಂದ ಇನ್ನೊಬ್ಬರಿಗೆ ಅವನು ಏನು ಹೇಳಿದ ಎಂಬುದನ್ನು ಅವರು ಮೊದಲು ನೋಡುತ್ತಾರೆ.

ಬಾಡಿಗೆ ಕಟ್ಟುವ ಶಕ್ತಿ ತನಗಿತ್ತು, ಆದರೂ ನಿರಾಕರಿಸಿದರು, ಆಮೇಲೂ ಮನೆ ಖಾಲಿಯೇ ಇತ್ತು ಎಂಬಷ್ಟನ್ನು ವಾದಿ ತೋರಿಸಿದರೆ ಕಾರಣ ಹೇಳುವ ಸರದಿ ಮಾಲೀಕನದು. ಹೇಳಿದ ಕಾರಣ ಬರೀ ನೆಪ ಎಂದು ತೋರಿಸುವ ಹೊಣೆ ಮತ್ತೆ ವಾದಿಯದೇ.

ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು 1982ರ ಹೇವೆನ್ಸ್ ರಿಯಾಲ್ಟಿ ತೀರ್ಪು. ಬಾಡಿಗೆಗೆ ಬರುವ ಉದ್ದೇಶವೇ ಇಲ್ಲದ ಇಬ್ಬರು, ಒಬ್ಬರು ಕಪ್ಪು ವರ್ಣೀಯರು, ಇನ್ನೊಬ್ಬರು ಬಿಳಿಯರು, ಪರೀಕ್ಷಿಸಲೆಂದೇ ಮನೆ ವಿಚಾರಿಸಿದ್ದರು. ಬಿಳಿಯರಿಗೆ ಮನೆ ಇದೆ ಎಂಬ ಉತ್ತರ, ಕಪ್ಪು ವರ್ಣೀಯರಿಗೆ ಇಲ್ಲ ಎಂಬ ಉತ್ತರ. ಮನೆಯೇ ಬೇಡವಾಗಿದ್ದವರಿಗೆ ಆದ ನಷ್ಟವಾದರೂ ಏನು ಎಂಬ ಪ್ರಶ್ನೆ ಸಹಜ. ಸುಪ್ರೀಂ ಕೋರ್ಟ್, ವಸತಿಯಲ್ಲಿ ತಾರತಮ್ಯವನ್ನು ನಿಷೇಧಿಸುವ ಫೇರ್ ಹೌಸಿಂಗ್ ಆಕ್ಟ್ ಎಂಬ ಕಾಯ್ದೆಯ ಪದಗಳನ್ನೇ ಹಿಡಿದು ನಡೆಯಿತು: ಮನೆ ಖಾಲಿ ಇದೆಯೇ ಎಂಬ ಬಗ್ಗೆ ಜನಾಂಗದ ಕಾರಣಕ್ಕೆ ‘ಯಾವುದೇ ವ್ಯಕ್ತಿಗೆ’ ಸುಳ್ಳು ಹೇಳಬಾರದು ಎಂದಿದೆ, ಹಾಗಾಗಿ ಸುಳ್ಳು ಕೇಳಿಸಿಕೊಂಡದ್ದೇ ಹಾನಿ. ನಿಜವನ್ನೇ ಕೇಳಿದ ಬಿಳಿಯ ಪರೀಕ್ಷಕರಿಗೆ ಆ ಆಧಾರದ ಮೇಲೆ ದಾವೆಯ ಹಕ್ಕು ಸಿಗಲಿಲ್ಲ. ಕಾಯ್ದೆಯನ್ನು ಉದಾರವಾಗಿ ಓದಬೇಕು ಎಂದು 1972ರಲ್ಲೇ ಇದೇ ನ್ಯಾಯಾಲಯ ಹೇಳಿತ್ತು. ಆಗ ದಾವೆ ಹೂಡಿದವರಲ್ಲಿ ಬಿಳಿಯ ಬಾಡಿಗೆದಾರರೂ ಇದ್ದರು. ಬೇರೆ ಜನಾಂಗದವರ ನೆರೆಹೊರೆ ತಮಗೆ ತಪ್ಪಿತು ಎಂಬುದೇ ಅವರ ದೂರು.

ಈ ಕಾಯ್ದೆ ಬಂದದ್ದು 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದೇ ವಾರಕ್ಕೆ. ಲಿಂಗ ಎಂಬ ಆಧಾರ ಸೇರಿದ್ದು 1974ರಲ್ಲಿ. ಅಂಗವೈಕಲ್ಯ ಮತ್ತು ಮಕ್ಕಳಿರುವ ಕುಟುಂಬಗಳಿಗೆ ರಕ್ಷಣೆ ದೊರೆತದ್ದು 1988ರಲ್ಲಿ.

ದುರುದ್ದೇಶವೇ ಇಲ್ಲದಿದ್ದರೂ ಒಂದು ನಿಯಮದ ಪೆಟ್ಟು ಒಂದೇ ಸಮುದಾಯದ ಮೇಲೆ ಬೀಳುತ್ತಿದ್ದರೆ? ಕೆಳ ನ್ಯಾಯಾಲಯಗಳು ಇಂಥ ದಾವೆಗಳನ್ನು ಬಹಳ ಹಿಂದಿನಿಂದ ಒಪ್ಪುತ್ತಿದ್ದವು. ಸುಪ್ರೀಂ ಕೋರ್ಟ್ ಅದಕ್ಕೆ ಮುದ್ರೆ ಒತ್ತಿದ್ದು 2015ರಲ್ಲಿ, ಟೆಕ್ಸಾಸ್‌ನ ಪ್ರಕರಣದಲ್ಲಿ, ಅದೂ 5-4ರ ಬಹುಮತದಿಂದ. ಆದರೆ ಅಂಕಿಅಂಶದ ಅಂತರವನ್ನಷ್ಟೇ ತೋರಿಸಿದರೆ ಸಾಲದು, ಆ ಅಂತರಕ್ಕೆ ಕಾರಣವಾದ ನಿರ್ದಿಷ್ಟ ನೀತಿಯನ್ನೂ ತೋರಿಸಬೇಕು ಎಂಬ ಷರತ್ತು ಹಾಕಿತು. ತತ್ವದಲ್ಲಿ ಬಾಗಿಲು ತೆರೆದು ಸಾಕ್ಷ್ಯದಲ್ಲಿ ಅದನ್ನು ಕಿರಿದು ಮಾಡಿದ ತೀರ್ಪು ಇದು ಎಂಬುದು ನನ್ನ ಅನಿಸಿಕೆ. ದಾಖಲೆಗಳೆಲ್ಲ ಎದುರಾಳಿಯ ಕಪಾಟಿನಲ್ಲಿರುವಾಗ ಸಾಮಾನ್ಯ ಬಾಡಿಗೆದಾರ ಆ ನೀತಿಯನ್ನು ಹುಡುಕುವುದು ಸುಲಭವಲ್ಲ.

ನಿಮ್ಮ ಪ್ರಶ್ನೆಗೆ ತಾಗುವ ಇನ್ನೊಂದು ಅಂಶ: ಮಾಲೀಕನೇ ವಾಸವಿರುವ, ನಾಲ್ಕು ಕುಟುಂಬಗಳಿಗಿಂತ ಹೆಚ್ಚು ಇರಲಾಗದ ಸಣ್ಣ ಕಟ್ಟಡಗಳಿಗೆ ಈ ಕಾಯ್ದೆಯಲ್ಲಿ ವಿನಾಯಿತಿ ಇದೆ. ಅಲ್ಲೂ ತಾರತಮ್ಯದ ಜಾಹೀರಾತು ಕೊಡುವಂತಿಲ್ಲ. ನಿರಾಕರಣೆಗೆ ಜನಾಂಗವೇ ಕಾರಣವಾಗಿದ್ದರೆ 1866ರ ನಾಗರಿಕ ಹಕ್ಕುಗಳ ಕಾಯ್ದೆಯಡಿ ದಾವೆ ಹೂಡಬಹುದು. ಅದರಲ್ಲಿ ಈ ವಿನಾಯಿತಿ ಇಲ್ಲ, ಮತ್ತು ಅದು ಖಾಸಗಿ ಮಾಲೀಕರಿಗೂ ಅನ್ವಯಿಸುತ್ತದೆ ಎಂದು 1968ರ ಜೂನ್‌ನಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.