ಕಾಮನ್ಸ್‌ನಲ್ಲಿ ಫೋಟೋಗೆ ಅಳಿಸುವ ನೋಟಿಸ್ ಬಂದಿದ್ದರ ಬಗ್ಗೆ

ಸರ್, ಮೊದಲಿಗೆ ಬೇಜಾರು ಮಾಡ್ಕೋಬೇಡಿ. ವಿಕಿಮೀಡಿಯ ಕಾಮನ್ಸ್‌ಗೆ (ಯಾರು ಬೇಕಾದರೂ ಬಳಸಬಹುದಾದ ಫೋಟೋಗಳ ಆನ್‌ಲೈನ್ ಸಂಗ್ರಹ) ನೀವು ಹಾಕಿದ ನಾಲ್ಕು ಫೋಟೋದಲ್ಲಿ ಸೋಮನಾಥಪುರದ ದೇವಸ್ಥಾನ ಮಾತ್ರ ಉಳಿಯಿತು, ಯಕ್ಷಗಾನದ ವೇಷ, ನಿಮ್ಮೂರಿನ ಗೋಡೆ ಚಿತ್ರ, ಅಜ್ಜ-ಅಜ್ಜಿಯ 1938ರ ಮದುವೆ ಫೋಟೋ ಮೂರಕ್ಕೂ ನೋಟಿಸ್ ಬಂತು ಅಂತ ಬರೆದಿದ್ದೀರಿ. "ನನ್ನ ಫೋಟೋಗೆ ಇವರದ್ದೇನು ತಕರಾರು" ಅಂತ ಕೇಳಿದ್ದೀರಿ. ಅಲ್ಲಿ ಯಾರೂ ನಿಮ್ಮ ಲೈಟಿಂಗ್, ಫ್ರೇಮಿಂಗ್ ಅಳೆಯುತ್ತಾ ಕೂತಿಲ್ಲ. ಇದರ ಹಕ್ಕು ಯಾರದ್ದು, ಅದಕ್ಕೆ ಆಧಾರ ಏನು, ಇಷ್ಟೇ ಕೇಳುವುದು. ಯಾಕೆಂದರೆ ಅಲ್ಲಿಂದ ಯಾರು ಬೇಕಾದರೂ ಫೋಟೋ ತಗೊಂಡು ಪುಸ್ತಕ, ಕ್ಯಾಲೆಂಡರ್ ಮಾಡಿ ಮಾರಬಹುದು. ಆಮೇಲೆ ಬೇರೆಯವರು ಬಂದು "ಇದು ನನ್ನದು" ಅನ್ನಬಾರದು. ನಿಮ್ಮ ಮೂರು ಫೋಟೋಗಳ ಕತೆ ಮೂರು ಥರ ಇದೆ.

ಯಕ್ಷಗಾನದ್ದು ಉಳಿಸಿಕೊಳ್ಳಬಹುದು. ನಾನು ಫೈಲ್ ಪುಟ ತೆಗೆದು ನೋಡಿದೆ. ಅಗಲ ಸಾವಿರ ಪಿಕ್ಸೆಲ್ ಕೂಡ ಇಲ್ಲ, ಕೆಳಗೆ ಕ್ಯಾಮೆರಾ, ಲೆನ್ಸ್ ಯಾವುದರ ವಿವರವೂ ಇಲ್ಲ. ದೊಡ್ಡದು ಮಾಡಿದರೆ ಮುಂಡಾಸಿನ ಜರಿ ಪಟ್ಟಿಯೆಲ್ಲ ಚೌಕ ಚೌಕ ಆಗಿ ಒಡೆಯುತ್ತಿದೆ. ಫೇಸ್‌ಬುಕ್‌ಗೆ ಹಾಕಿದ್ದನ್ನೇ ಇಳಿಸಿಕೊಂಡು ಇಲ್ಲಿ ಏರಿಸಿದ್ದೀರಿ ಅಲ್ವಾ? ಫೇಸ್‌ಬುಕ್ ಫೋಟೋವನ್ನು ಹಿಂಡಿ, ಒಳಗಿನ ಕ್ಯಾಮೆರಾ ವಿವರ ತೆಗೆದುಹಾಕುತ್ತದೆ. ಪರಿಶೀಲಿಸುವವರಿಗೆ ಅದು ಯಾರದ್ದೋ ಪೇಜಿನಿಂದ ಎತ್ತಿದ ಹಾಗೆ ಕಾಣುತ್ತದೆ. ಗೂಗಲ್‌ನಲ್ಲಿ ಚಿತ್ರ ಹಾಕಿ ಹುಡುಕಿದರೆ ಹಳೇ ಪೋಸ್ಟ್ ಬೇರೆ ಸಿಗುತ್ತದೆ. ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿರುವ ಮೂಲ ಜೆಪೆಗ್ ಹುಡುಕಿ, ಅದೇ ಫೈಲ್ ಪುಟದಲ್ಲಿ ಹೊಸ ಆವೃತ್ತಿಯಾಗಿ ಏರಿಸಿ. ರಾ ಫೈಲ್ (ಕ್ಯಾಮೆರಾದ ಸಂಸ್ಕರಿಸದ ಮೂಲ ಫೈಲ್) ತಗೊಳ್ಳುವುದಿಲ್ಲ. ಐಫೋನ್‌ನ ಹೀಕ್ ಫೈಲ್ ಕೂಡ ನಡೆಯುವುದಿಲ್ಲ, ಜೆಪೆಗ್ ಮಾಡಿಕೊಳ್ಳಬೇಕು. ಜೊತೆಗೆ ಆ ಫೇಸ್‌ಬುಕ್ ಪೋಸ್ಟ್ ಎಡಿಟ್ ಮಾಡಿ, "ಈ ಫೋಟೋ ನಾನೇ ತೆಗೆದದ್ದು, ಸಿಸಿ ಬೈ-ಎಸ್‌ಎ 4.0 ಲೈಸೆನ್ಸ್ ಅಡಿ ಕೊಟ್ಟಿದ್ದೇನೆ" (ಅಂದರೆ ನನ್ನ ಹೆಸರು ಹೇಳಿ, ಅದೇ ಷರತ್ತಿನಲ್ಲಿ ಯಾರು ಬೇಕಾದರೂ ಬಳಸಬಹುದು) ಅಂತ ಒಂದು ಸಾಲು ಸೇರಿಸಿ, ಪೋಸ್ಟನ್ನು ಪಬ್ಲಿಕ್ ಮಾಡಿ, ಅದರ ಕೊಂಡಿಯನ್ನು ಫೈಲ್ ಪುಟದಲ್ಲಿ ಕೊಡಿ. ಅಷ್ಟಕ್ಕೂ ಒಪ್ಪದಿದ್ದರೆ ಅವರ ಅನುಮತಿ ತಂಡಕ್ಕೆ ಇಮೇಲ್ ಮಾಡುವ ದಾರಿ ಇದೆ. ಅಲ್ಲಿರುವವರೂ ಸ್ವಯಂಸೇವಕರೇ, ಉತ್ತರ ತಡವಾಗಬಹುದು.

ಗೋಡೆ ಚಿತ್ರ ಮಾತ್ರ, ಬರೆದವರ ಅನುಮತಿ ಇಲ್ಲದಿದ್ದರೆ, ಹೋಗುತ್ತದೆ ಸರ್. ಇದು ಜಾಸ್ತಿ ಜನ ಎಡವುವ ಜಾಗ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫೋಟೋ ನಿಮ್ಮದೇ, ಆದರೆ ಒಳಗಿರುವ ಚಿತ್ರ ಇನ್ನೊಬ್ಬ ಕಲಾವಿದರದ್ದು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಕಟ್ಟಡಗಳ ಫೋಟೋ ತೆಗೆಯಲು ಬಿಡುತ್ತದೆ. ಸಾರ್ವಜನಿಕ ಜಾಗದಲ್ಲಿ ಖಾಯಂ ಆಗಿ ನಿಲ್ಲಿಸಿದ ಶಿಲ್ಪಕ್ಕೂ ಬಿಡುತ್ತದೆ. ಪೇಂಟಿಂಗ್‌ಗೆ ಆ ವಿನಾಯಿತಿ ಇಲ್ಲ. ಹಾಗಾಗಿ ವಿಧಾನಸೌಧ ಹಾಕಬಹುದು, ಮುರುಡೇಶ್ವರದ ದೊಡ್ಡ ಶಿವನ ವಿಗ್ರಹವನ್ನೂ ಹಾಕಬಹುದು. ಫ್ಲೈಓವರ್ ಕಂಬಕ್ಕೆ ಬರೆದ ಹೊಸ ಚಿತ್ರ, ಸಿನಿಮಾ ಪೋಸ್ಟರ್ ಆಗುವುದಿಲ್ಲ. ಗಣೇಶನ ಹಬ್ಬದ ಪೆಂಡಾಲಿನ ಮೂರ್ತಿಗೂ ತಕರಾರು ಬರಬಹುದು. ಅದು ಶಿಲ್ಪ ಹೌದು, ಆದರೆ ಖಾಯಂ ಅಲ್ಲ, ನೀರಿಗೆ ಹೋಗುತ್ತದೆ. ಹಂಪಿ ವಿರೂಪಾಕ್ಷ ದೇವಸ್ಥಾನದ ಚಾವಣಿ ಚಿತ್ರಗಳಿಗೆ ಈ ತೊಂದರೆಯೇ ಇಲ್ಲ, ಅವು ಅಷ್ಟು ಹಳೆಯವು. ಕಲಾವಿದರು ತೀರಿಕೊಂಡು 60 ವರ್ಷ ಕಳೆಯುವವರೆಗೆ ಹಕ್ಕು ಇರುತ್ತದೆ ಅನ್ನುವುದು ಲೆಕ್ಕ. ನಿಮ್ಮ ಗೋಡೆ ಚಿತ್ರ ಬರೆದವರು ಪರಿಚಯದವರು ಅಂದಿರಿ. ಹಾಗಿದ್ದರೆ ಅವರೇ ಅನುಮತಿ ತಂಡಕ್ಕೆ ಬರೆಯಬೇಕು, ಲೈಸೆನ್ಸ್ ಹೆಸರು ಹೇಳಿ ಬರೆಯಬೇಕು. ವಾಟ್ಸ್‌ಆ್ಯಪ್‌ನಲ್ಲಿ "ಹಾಕ್ಕೊಳ್ಳಿ, ಪರವಾಗಿಲ್ಲ" ಅಂದ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ.

ಇನ್ನು ಮದುವೆ ಫೋಟೋ. ನನಗೆ ತುಂಬಾ ಇಷ್ಟವಾಗಿದ್ದು ಅದೇ. ಅಲ್ಲಿ ನೀವು "ಸ್ವಂತ ಕೃತಿ" ಅಂತ ಟಿಕ್ ಮಾಡಿ, ಸ್ಕ್ಯಾನ್ ಮಾಡಿದ ದಿನದ ತಾರೀಕು ಹಾಕಿದ್ದೀರಿ. ಜರಿಪೇಟದ ಮದುಮಗ, ಡಾಬು ಕಟ್ಟಿದ ಮದುಮಗಳು, ತಾರೀಕು ನೋಡಿದರೆ ಈ ವರ್ಷದ್ದು! ಯಾರಿಗಾದರೂ ಅನುಮಾನ ಬರುತ್ತೆ. ಸ್ಕ್ಯಾನ್ ಮಾಡಿದವರು ಫೋಟೋಗ್ರಾಫರ್ ಆಗುವುದಿಲ್ಲ. ಆದರೆ ಇಲ್ಲಿ ಕಾನೂನು ನಿಮ್ಮ ಕಡೆ ಇದೆ. ಭಾರತದಲ್ಲಿ 1958ಕ್ಕೆ ಮೊದಲು ತೆಗೆದ ಫೋಟೋಗಳ ಹಕ್ಕು ತೆಗೆದ 50 ವರ್ಷಕ್ಕೆ ಮುಗಿಯುತ್ತದೆ. 1938ರದ್ದು ಯಾವಾಗಲೋ ಮುಗಿದಿದೆ. 1950ರ ದಶಕದ್ದಾಗಿದ್ದರೆ ತಲೆನೋವಿತ್ತು, ಸರ್ವರ್ ಅಮೆರಿಕದಲ್ಲಿರುವುದರಿಂದ ಅಲ್ಲಿನ ಕಾನೂನನ್ನೂ ನೋಡುತ್ತಾರೆ, ಅದರ ಪ್ರಕಾರ ಹಕ್ಕು ಇನ್ನೂ ಉಳಿದಿರಬಹುದು. ಕರ್ತೃ ಅನ್ನುವಲ್ಲಿ ಸ್ಟುಡಿಯೋ ಹೆಸರು ಹಾಕಿ, ಫೋಟೋ ಅಂಟಿಸಿದ ರಟ್ಟಿನ ಮೇಲೆ ಒತ್ತಿರುತ್ತಾರೆ ನೋಡಿ. ಹಿಂಬದಿಯಲ್ಲಿ ಇಸವಿ ಬರೆದಿದ್ದರೆ ಅದನ್ನೂ ಸ್ಕ್ಯಾನ್ ಮಾಡಿ, ಅದಕ್ಕಿಂತ ಒಳ್ಳೆ ಆಧಾರ ಬೇಡ. ಲೈಸೆನ್ಸ್ ಬದಲಿಗೆ ಭಾರತದ ಹಳೇ ಫೋಟೋಗಳಿಗಿರುವ ಪಬ್ಲಿಕ್ ಡೊಮೇನ್ (ಹಕ್ಕು ಮುಗಿದು ಎಲ್ಲರದ್ದೂ ಆದದ್ದು) ಟ್ಯಾಗ್ ಹಾಕಿ. ವಿವರಣೆಯಲ್ಲಿ "ನಮ್ಮ ಅಜ್ಜ-ಅಜ್ಜಿ" ಅಂತಷ್ಟೇ ಬರೆದರೆ ಮನೆಯ ಆಲ್ಬಂ ಅಂತ ತೆಗೆದುಹಾಕಬಹುದು. ಊರು, ಇಸವಿ, ಉಡುಪು, ಒಡವೆ ಬರೆಯಿರಿ. ಕನ್ನಡದಲ್ಲೇ ಬರೆಯಬಹುದು, ಇಂಗ್ಲಿಷೂ ಇದ್ದರೆ ಹುಡುಕುವವರಿಗೆ ಸಿಗುತ್ತದೆ.

ಈ ಗುಂಪಿನಲ್ಲಿ ಮೇಲೆ ಒಬ್ಬ ಮೇಡಂ ವಾಟರ್‌ಮಾರ್ಕ್ (ಫೋಟೋ ಮೇಲೇ ಹೆಸರು ಹಾಕುವುದು) ಬಗ್ಗೆ ಕೇಳಿದ್ದರು. ಅಲ್ಲಿ ಅದನ್ನು ಇಷ್ಟಪಡುವುದಿಲ್ಲ. ಹೆಸರನ್ನು ಕರ್ತೃ ಜಾಗದಲ್ಲಿ ಹಾಕಿ, ಬಳಸುವವರು ಅದನ್ನು ಹೇಳಲೇಬೇಕು ಅಂತ ಬೈ-ಎಸ್‌ಎ ಲೈಸೆನ್ಸಿನಲ್ಲೇ ಇದೆ. "ವ್ಯಾಪಾರಕ್ಕೆ ಬಳಸಬಾರದು" ಅನ್ನುವ ಲೈಸೆನ್ಸನ್ನೂ ಅಲ್ಲಿ ಒಪ್ಪುವುದಿಲ್ಲ. ಒಮ್ಮೆ ಕೊಟ್ಟ ಲೈಸೆನ್ಸ್ ವಾಪಸ್ ತಗೊಳ್ಳಲು ಆಗುವುದೂ ಇಲ್ಲ. ಆದರೂ ನೀವೇ ಹಾಕಿದ ಫೋಟೋ ಎಲ್ಲೂ ಬಳಕೆಯಾಗಿಲ್ಲದಿದ್ದರೆ, ಏರಿಸಿದ ಏಳು ದಿನದೊಳಗೆ ಕೇಳಿಕೊಂಡರೆ ಸಾಮಾನ್ಯವಾಗಿ ತೆಗೆದುಕೊಡುತ್ತಾರೆ. ಹಾಗಾಗಿ ಮಾರಬೇಕು, ಸ್ಪರ್ಧೆಗೆ ಕಳಿಸಬೇಕು ಅಂತಿರುವ ಫೋಟೋ ಅಲ್ಲಿಗೆ ಒಯ್ಯಲೇಬೇಡಿ. ಇದು ನನ್ನ ಅಭಿಪ್ರಾಯ, ಕೆಲವರು ಒಪ್ಪಲಿಕ್ಕಿಲ್ಲ.

ಈಗ ಮಾಡಬಾರದ ಕೆಲಸ ಒಂದಿದೆ: ಅಳಿಸಿದ ಫೋಟೋವನ್ನು ಹೆಸರು ಬದಲಿಸಿ ಮತ್ತೆ ಏರಿಸುವುದು. ಹಾಗೆ ಮಾಡುತ್ತಾ ಹೋದರೆ ಖಾತೆಯನ್ನೇ ಬ್ಲಾಕ್ ಮಾಡುತ್ತಾರೆ. ಅಳಿಸಿದರೂ ಫೈಲ್ ಪೂರ್ತಿ ಹೋಗಿರುವುದಿಲ್ಲ. ಆಧಾರ ಸಿಕ್ಕ ಮೇಲೆ ಮರಳಿ ತರಲು ಅರ್ಜಿ ಹಾಕುವ ಪುಟ ಇದೆ, ನಿರ್ವಾಹಕರು ತಂದುಕೊಡುತ್ತಾರೆ. ನೋಟಿಸಿನ ಚರ್ಚೆಯಲ್ಲಿ ಜಗಳ ಬೇಡ, ಎರಡು ಸಾಲು ಸಾಕು.

ನೋಟಿಸಿನ ತಾರೀಕು ನೋಡಿಕೊಳ್ಳಿ, ಇಂಥದಕ್ಕೆ ಸಾಮಾನ್ಯವಾಗಿ ಏಳು ದಿನ ಕೊಡುತ್ತಾರೆ. ಯಕ್ಷಗಾನದ ಮೂಲ ಫೈಲ್ ಇವತ್ತೇ ಹುಡುಕಿ, ಮದುವೆ ಫೋಟೋದ ರಟ್ಟು ನಾಳೆ ನೋಡಿದರಾಯಿತು. ಸ್ಟುಡಿಯೋ ಹೆಸರು ಓದಲು ಆಗದಿದ್ದರೆ ಇಲ್ಲೇ ಹಾಕಿ, ಗುಂಪಿನಲ್ಲಿ ಹಳೇ ಸ್ಟುಡಿಯೋ ಗೊತ್ತಿರುವವರು ಇದ್ದಾರೆ.