ಯಾವ ಹಾವು, ತಾಯಿ?

ಬ್ರಿಸ್ಟಲ್‌ನಿಂದ ಒಬ್ಬ ಓದುಗರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಶಿರಸಿ ಕಡೆಯವರು, 11 ವರ್ಷದಿಂದ ಅಲ್ಲಿದ್ದಾರೆ. ಪತ್ರ ಉದ್ದವಿದೆ, ಮುಖ್ಯ ಭಾಗ ಇಷ್ಟು:

"ನನ್ನ ಆಫೀಸಿನ ಗೆಳತಿಯೊಬ್ಬಳು ಪೇಗನ್. ಹಳೆಯ ಗ್ರೀಕ್ ದೇವರುಗಳನ್ನು ಪೂಜಿಸುವ ಅವಳ ಗುಂಪಿಗೆ ನಾನೂ ಹೋಗತೊಡಗಿದೆ. ರಾತ್ರಿ ಸ್ನಾನ ಮಾಡಿ, ದೀಪ ಹಚ್ಚಿ, ಅಸ್ಕ್ಲೀಪಿಯಸ್ ಎಂಬ ವೈದ್ಯದೇವರ ಮುಂದೆ ಒಂದು ಪ್ರಶ್ನೆ ಇಟ್ಟು ಮಲಗುವುದು, ಎದ್ದ ತಕ್ಷಣ ಕನಸು ಬರೆದಿಡುವುದು. ನಾಲ್ಕನೇ ರಾತ್ರಿ ಹಾವು ಕಂಡಿತು. ಊರಿನ ನಮ್ಮ ಮನೆ ಬಚ್ಚಲಲ್ಲಿ, ಹಂಡೆ ಒಲೆ ಪಕ್ಕದ ಕಟ್ಟಿಗೆ ಸಂದಿಯಲ್ಲಿ. ಗುಂಪಿನವರು ದೇವರೇ ಬಂದ ಎಂದು ಖುಷಿಪಟ್ಟರು. ಅಮ್ಮ ಫೋನಿನಲ್ಲಿ ಕೇಳಿ ಗಾಬರಿಯಾಗಿ ನಾಗನಿಗೆ ಹರಕೆ ಹೊತ್ತರು. ನಮ್ಮವರು, ರಾತ್ರಿ ಹನ್ನೊಂದಕ್ಕೆ ದೋಸೆ ತಿಂದರೆ ಹಾವೂ ಬರುತ್ತೆ ಹೆಬ್ಬಾವೂ ಬರುತ್ತೆ ಎಂದರು. ಯಾರ ಮಾತು ಸರಿ?"

ಜೊತೆಗೆ ತಮ್ಮ ಕನಸಿನ ಡೈರಿಯ ಒಂದು ಪುಟದ ಫೋಟೋ ಕಳಿಸಿದ್ದಾರೆ. ಪುಟ ಪೂರ್ತಿ ಇಂಗ್ಲಿಷಿನಲ್ಲಿದೆ. ನನ್ನ ತಕರಾರು ಅಲ್ಲಿಂದಲೇ ಶುರು, ಆದರೆ ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಯಜಮಾನರ ಮಾತು ಮುಗಿಸಿಬಿಡೋಣ. ಅವರು ಹೇಳಿದ್ದರಲ್ಲಿ ಹುರುಳಿದೆ. ನಿದ್ದೆಯಲ್ಲಿ ಕಣ್ಣುಗುಡ್ಡೆ ಸರಸರ ಓಡಾಡುವ ಹೊತ್ತಿದೆಯಲ್ಲ, ಆಗ ಎಬ್ಬಿಸಿದರೆ ಜನ ಕನಸು ಹೇಳುತ್ತಾರೆ ಎಂದು ಅಸೆರಿನ್‌ಸ್ಕಿ ಮತ್ತು ಕ್ಲೀಟ್‌ಮನ್ ಎಂಬಿಬ್ಬರು ಶಿಕಾಗೋದಿಂದ 1953ರಲ್ಲೇ ಬರೆದರು. ಕನಸು ಮಿದುಳಿನ ಕೆಲಸ, ಒಪ್ಪಿದೆ. ನಿಮ್ಮಮ್ಮನ ಕೈಸಾರಿನ ರುಚಿ ನೆನಪಾಗುವುದೂ ಮಿದುಳಿನ ಕೆಲಸವೇ, ಅಲ್ವಾ? ಅರಿಸ್ಟಾಟಲ್‌ಗೂ ನಿಮ್ಮವರದೇ ಅನುಮಾನವಿತ್ತು. ದೇವರೇ ಕನಸು ಕಳಿಸುವುದಾದರೆ ಜ್ಞಾನಿಗಳಿಗೆ ಕಳಿಸಬೇಕಿತ್ತು, ಸಿಕ್ಕಸಿಕ್ಕವರಿಗೆಲ್ಲ ಯಾಕೆ ಬೀಳುತ್ತೆ ಎಂದು ಕೇಳಿದ. ಅವನಿಗೆ ಅದು ದೋಷವಾಗಿ ಕಂಡಿತು. ಸಿಕ್ಕಸಿಕ್ಕವರಿಗೆಲ್ಲ ಬೀಳುತ್ತದೆ ಎಂಬ ಕಾರಣಕ್ಕೇ ನನಗೆ ಕನಸಿನ ಮೇಲೆ ಗೌರವ. ಆದರೂ ಅದೇ ಅರಿಸ್ಟಾಟಲ್, ವೈದ್ಯರು ರೋಗಿಯ ಕನಸನ್ನು ಕಿವಿಗೊಟ್ಟು ಕೇಳಬೇಕು ಎಂಬುದನ್ನು ಒಪ್ಪಿಕೊಂಡ. ನಿದ್ದೆಯಲ್ಲಿ ಸಣ್ಣದು ದೊಡ್ಡದಾಗುತ್ತೆ: ಕಿವಿಯಲ್ಲಿ ಚೂರು ಸದ್ದಾದರೆ ಗುಡುಗು ಕೇಳುತ್ತೆ, ಗಂಟಲಲ್ಲಿ ಒಂದು ತೊಟ್ಟು ಕಫ ಇಳಿದರೆ ಜೇನು ಕುಡಿದ ಹಾಗಾಗುತ್ತೆ. ಹಾಗಾಗಿ ಶುರುವಾಗುತ್ತಿರುವ ಕಾಯಿಲೆ ಕನಸಲ್ಲಿ ಮೊದಲು ತಿಳಿಯಬಹುದು ಅಂತ. ದೋಸೆಯ ವಾದಕ್ಕೆ ಇಷ್ಟು ಸಾಕು.

ಈಗ ನಿಮ್ಮ ಗುಂಪಿನವರು. ಅವರು ಮಾಡುತ್ತಿರುವುದು ನಿನ್ನೆ ಮೊನ್ನೆ ಕಟ್ಟಿದ ಆಟವಲ್ಲ. ಗ್ರೀಸಿನ ಎಪಿಡಾರಸ್‌ನಲ್ಲಿ ಅಸ್ಕ್ಲೀಪಿಯಸ್‌ನ ದೊಡ್ಡ ಕ್ಷೇತ್ರವಿತ್ತು. ಕಾಯಿಲೆಯವರು ಬಂದು, ಮಿಂದು, ಹರಕೆ ಒಪ್ಪಿಸಿ, ಅಬಟನ್ ಎಂಬ ಉದ್ದನೆಯ ಪಡಸಾಲೆಯಲ್ಲಿ ಮಲಗುತ್ತಿದ್ದರು. ದೇವರು ಕನಸಲ್ಲಿ ಬರಬೇಕು, ಮುಟ್ಟಬೇಕು ಇಲ್ಲಾ ಮದ್ದು ಹೇಳಬೇಕು. ಹಾಗೆ ವಾಸಿಯಾದವರ ಕತೆಗಳನ್ನು ಕ್ರಿ.ಪೂ. ನಾಲ್ಕನೇ ಶತಮಾನದಲ್ಲಿ ಕಲ್ಲಿನಲ್ಲಿ ಕೆತ್ತಿಸಿದರು, ಸುಮಾರು 70 ಕತೆ ನಮಗೆ ಸಿಕ್ಕಿವೆ. ಅಥೆನ್ಸಿನ ಅಂಬ್ರೋಸಿಯಾ ಎಂಬವಳಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಬಂದವಳು ಅಲ್ಲಿನ ಕತೆಗಳನ್ನು ಓದಿ ನಕ್ಕಳಂತೆ, ಕುಂಟರು ಕುರುಡರು ಬರೀ ಕನಸು ಕಂಡು ವಾಸಿಯಾಗುವುದುಂಟೇ ಎಂದು. ರಾತ್ರಿ ದೇವರು ಬಂದು, ಕಣ್ಣು ಕೊಡುತ್ತೇನೆ, ಆದರೆ ನಿನ್ನ ದಡ್ಡತನದ ಗುರುತಿಗೆ ಒಂದು ಬೆಳ್ಳಿ ಹಂದಿ ಮಾಡಿಸಿ ಗುಡಿಗೆ ಕೊಡು ಎಂದ. ನಿಮ್ಮ ಯಜಮಾನರಿಗೆ ಈ ಕತೆ ಓದಿ ಹೇಳಿ.

ನನಗೆ ಜಾಸ್ತಿ ಇಷ್ಟವಾದದ್ದು ಯೂಫೇನಿಸ್ ಎಂಬ ಹುಡುಗನ ಕತೆ. ಅವನಿಗೆ ಮೂತ್ರದ ಕಲ್ಲು. ದೇವರು ಕನಸಲ್ಲಿ, ವಾಸಿ ಮಾಡಿದರೆ ಏನು ಕೊಡ್ತೀಯಾ ಎಂದು ಕೇಳಿದ. ಹುಡುಗ, ಹತ್ತು ಮೂಳೆ ಗಿಣ್ಣು ಕೊಡ್ತೀನಿ ಎಂದ. ನಮ್ಮ ಹುಡುಗರಿಗೆ ಗೋಲಿ ಹೇಗೋ ಹಾಗೆ ಅಲ್ಲಿಯ ಹುಡುಗರಿಗೆ ಕುರಿಯ ಕಾಲಿನ ಗಿಣ್ಣು ಆಟದ ಸಾಮಾನು. ದೇವರು ನಕ್ಕು, ಆಯ್ತು ಎಂದ. ಬೆಳಗ್ಗೆ ಹುಡುಗ ಹುಷಾರು. ನಗುವ ದೇವರು ನೋಡಿ! ಇನ್ನು ಹಾವು: ಇನ್ನೊಬ್ಬನಿಗೆ ಕಾಲ್ಬೆರಳಲ್ಲಿ ಹುಣ್ಣು. ಹಗಲು ಹೊತ್ತಿನಲ್ಲಿ ಹೊರಗೆ ನಿದ್ದೆ ಹೋಗಿದ್ದಾಗ ಒಂದು ಹಾವು ಬಂದು ಬೆರಳನ್ನು ನೆಕ್ಕಿ ಹೋಯಿತು. ಅವನಿಗೆ ಕನಸಲ್ಲಿ ಕಂಡದ್ದು ಹಾವಲ್ಲ, ಮದ್ದು ಹಚ್ಚುತ್ತಿದ್ದ ಒಬ್ಬ ಚೆಂದದ ಯುವಕ. ಹಾಗಾಗಿ ನಿಮ್ಮ ಗುಂಪಿನವರು ಖುಷಿಪಟ್ಟದ್ದು ಸುಮ್ನೆ ಅಲ್ಲ, ಅಲ್ಲಿ ಹಾವೆಂದರೆ ವೈದ್ಯ.

ಆದರೆ ನೀವು ಕಂಡದ್ದು ಎಪಿಡಾರಸ್‌ನ ಹಾವಾ? ನಿಮ್ಮ ಬಚ್ಚಲ ಹಾವಲ್ವಾ?

ಕ್ರಿ.ಶ. ಎರಡನೇ ಶತಮಾನದಲ್ಲಿ ಆರ್ಟೆಮಿಡೋರಸ್ ಎಂಬ ಒಬ್ಬ ಗ್ರೀಕನಿದ್ದ. ಎಫೆಸಸ್ ಊರಿನವನು, ಆದರೆ ಕನಸಿನ ಬಗ್ಗೆ ಬರೆದ ಪುಸ್ತಕಕ್ಕೆ ತನ್ನ ತಾಯಿಯ ಊರಾದ ಡಾಲ್ಡಿಸ್ ಹೆಸರು ಸೇರಿಸಿಕೊಂಡ. ಎಫೆಸಸ್‌ಗೆ ಹೆಸರಿದೆ, ಆ ಚಿಕ್ಕ ಊರಿಗೆ ಇಲ್ಲ ಅಂತ. ಇಷ್ಟಕ್ಕೇ ನಾನು ಅವನ ಕಡೆಗೆ. ದೊಡ್ಡವರು ಮೂಗು ಮುರಿಯುತ್ತಿದ್ದ ಸಂತೆಯ ಕಣಿ ಹೇಳುವವರ ಜೊತೆ ಅವನು ವರ್ಷಗಟ್ಟಲೆ ಕೂತ, ಜಾತ್ರೆ ಜಾತ್ರೆ ತಿರುಗಿ ಕಂಡ ಕನಸು ಮತ್ತು ಆದ ಫಲ ಎರಡನ್ನೂ ಕೇಳಿಸಿಕೊಂಡ. ಅವನು ಮತ್ತೆ ಮತ್ತೆ ಹೇಳುವುದು ಒಂದೇ: ಕನಸು ಕಂಡವರು ಯಾರು, ಏನು ಕೆಲಸ, ಅವರೂರಿನ ಪದ್ಧತಿ ಏನು, ಇದನ್ನೆಲ್ಲ ಕೇಳದೆ ಅರ್ಥ ಹೇಳಬೇಡ. ಗ್ರೀಸಿನ ಉತ್ತರಕ್ಕಿದ್ದ ಥ್ರೇಸ್ ನಾಡಿನಲ್ಲಿ ಹಚ್ಚೆ ದೊಡ್ಡ ಮನೆತನದ ಮಕ್ಕಳಿಗೆ, ಪಕ್ಕದ ಗೇಟೆ ಎಂಬ ಬುಡಕಟ್ಟಿನವರಲ್ಲಿ ಅದೇ ಹಚ್ಚೆ ಗುಲಾಮರಿಗೆ. ಒಂದೇ ಕನಸು, ಹೊಳೆ ದಾಟಿದರೆ ಬೇರೆ. ನಮ್ಮಜ್ಜಿ ಹಲ್ಲು ಬಿದ್ದ ಕನಸು ಕಂಡರೆ ಮನೆಯಲ್ಲಿ ಸಾವು ಎಂದು ದಿನವಿಡೀ ಊಟ ಬಿಡುತ್ತಿದ್ದರು. ಆರ್ಟೆಮಿಡೋರಸ್ ಕೂಡ ಬಾಯಿ ಮನೆ, ಹಲ್ಲು ಮನೆಮಂದಿ ಎಂದೇ ಬರೆದಿದ್ದಾನೆ. ಆದರೆ ಸಾಲಗಾರನಿಗೆ ಬಿದ್ದರೆ ಅದು ಸಾಲ ತೀರುವ ಸೂಚನೆಯಂತೆ! ಅಜ್ಜಿಗೆ ಇದು ಗೊತ್ತಿದ್ದರೆ ನಮ್ಮಜ್ಜನಿಗೆ ದಿನಾ ಹಲ್ಲಿನ ಕನಸೇ ಬೀಳಲಿ ಎಂದು ಹರಕೆ ಹೊರುತ್ತಿದ್ದರು.

ಅವನ ಪುಸ್ತಕದಲ್ಲೇ ಅಲೆಕ್ಸಾಂಡರನ ಕನಸೂ ಇದೆ. ಕ್ರಿ.ಪೂ. 332. ಟೈರ್ ಪಟ್ಟಣಕ್ಕೆ ಮುತ್ತಿಗೆ ಹಾಕಿ ತಿಂಗಳುಗಳಾದರೂ ಅದು ಬಗ್ಗುತ್ತಿಲ್ಲ. ಕನಸಲ್ಲಿ ಗುರಾಣಿಯ ಮೇಲೆ ಒಬ್ಬ ಸಾಟಿರ್, ಅಂದರೆ ಅರ್ಧ ಮನುಷ್ಯ ಅರ್ಧ ಮೃಗ, ಕುಣಿಯುತ್ತಿದ್ದಾನೆ. ಜೊತೆಗಿದ್ದ ಅರಿಸ್ಟಾಂಡರ್ ಎಂಬ ಕಣಿಯವನು ಆ ಪದವನ್ನೇ ಒಡೆದ. 'ಸಾಟಿರೋಸ್' ಒಡೆದರೆ 'ಸಾ ಟಿರೋಸ್', ಗ್ರೀಕಿನಲ್ಲಿ 'ಟೈರ್ ನಿನ್ನದು'. ಈ ಕನಸನ್ನು ಬೇರೆ ಯಾವ ಭಾಷೆಯಲ್ಲಿ ಬರೆದಿಟ್ಟಿದ್ದರೂ ಅಲ್ಲಿ ಒಬ್ಬ ವಿಚಿತ್ರ ಪ್ರಾಣಿ ಕುಣಿದದ್ದಷ್ಟೇ ಉಳಿಯುತ್ತಿತ್ತು.

ನನಗೂ ಒಮ್ಮೆ ಹೀಗಾಗಿದೆ. ಎತ್ತಿನ ಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ಹೋಗುತ್ತಿದ್ದೇನೆ, ಏರಿನಲ್ಲಿ ಅಚ್ಚು ಮುರಿಯಿತು. ಎದ್ದು ಗೆಳೆಯರೊಬ್ಬರಿಗೆ ಹೇಳಿದೆ. ಅವರು ಇಂಗ್ಲಿಷಿನ ಕನಸಿನ ಪುಸ್ತಕ ತೆಗೆದು, ಗಾಡಿ ಎಂದರೆ ನಿಮ್ಮ ಬದುಕು, ಬದುಕು ನಿಂತಿದೆ, ರಜೆ ತಗೊಳ್ಳಿ ಎಂದರು. ರಜೆ ಯಾರಿಗೆ ಬೇಡ? ಆದರೆ ಸ್ನಾನ ಮಾಡುವಾಗ ಹೊಳೆಯಿತು: ಅಚ್ಚು! ಮುದ್ರಣದ ಮನೆಗೆ ಮೂರು ತಿಂಗಳ ಬಾಕಿ ಇತ್ತು, ಅವರ ಫೋನ್ ಬಂದರೆ ನಾನು ಎತ್ತುತ್ತಿರಲಿಲ್ಲ. ಅವತ್ತೇ ಹೋಗಿ ಅರ್ಧ ಕೊಟ್ಟು ಬಂದೆ. ಇದು ಭವಿಷ್ಯವಾಣಿಯಲ್ಲ. ಹಗಲಲ್ಲಿ ನಾನು ಮುಚ್ಚಿಟ್ಟಿದ್ದನ್ನು ರಾತ್ರಿ ಕನ್ನಡ ತೆಗೆದು ಮುಂದಿಟ್ಟಿತು, ಅಷ್ಟೇ.

ಈಗ ನಿಮ್ಮ ಡೈರಿ, ತಾಯಿ. ಅದರಲ್ಲಿ 'ಸ್ನೇಕ್' ಎಂದು ಬರೆದಿದ್ದೀರಿ. ಬರೀ ಹಾವು. ಮಲೆನಾಡಲ್ಲಿ ಬರೀ ಹಾವು ಎಂಬುದು ಇದೆಯೇ? ನಾಗರ, ಕೊಳಕುಮಂಡಲ, ಕಟ್ಟುಹಾವು, ಕೇರೆ, ಹಸಿರು ಹಾವು, ಮಣ್ಣುಮುಕ್ಕ. ಕಂಡ ತಕ್ಷಣ ಯಾವುದು ಅಂತಲೇ ಮೊದಲು ಕೇಳುವುದು, ಓಡಬೇಕೋ ಸುಮ್ನಿರಬೇಕೋ ಗೊತ್ತಾಗಬೇಕಲ್ಲ. ಕನ್ನಡದಲ್ಲಿ ನನಗೆ ಬರೆದ ಪತ್ರದ ಮೂರನೇ ಪುಟದಲ್ಲಿ, ನಿಮಗೇ ಗೊತ್ತಿಲ್ಲದೆ, 'ಆ ಕೇರೆ ಹಾವು ನನ್ನನ್ನು ನೋಡಲೇ ಇಲ್ಲ, ಇಲಿ ಹುಡುಕುತ್ತಿತ್ತು' ಎಂದಿದ್ದೀರಿ. ಕೇರೆ! ಡೈರಿಯಲ್ಲಿ ಕೇರೆಯೂ ಇಲ್ಲ, ಇಲಿಯೂ ಇಲ್ಲ. ಅಮ್ಮ ನಾಗನಿಗೆ ಹರಕೆ ಹೊತ್ತರು, ಗುಂಪಿನವರು ಅಸ್ಕ್ಲೀಪಿಯಸ್ ಎಂದರು, ಬಂದದ್ದು ಮನೆಯ ಇಲಿ ಹಿಡಿಯುವ, ಯಾರಿಗೂ ತೊಂದರೆ ಕೊಡದ ಕೇರೆ. ಅಂದರೆ ಕೇಳಬೇಕಾದ ಪ್ರಶ್ನೆಯೇ ಬೇರೆ: ನಿಮ್ಮ ಮನೆಯಲ್ಲಿ ಇಲಿ ಯಾವುದು?

ನಿಮ್ಮೊಬ್ಬರದೇ ತಪ್ಪಲ್ಲ ಬಿಡಿ. ಕನಸು ಎಂಬ ಪದವೇ ನಮ್ಮ ಕೈ ತಪ್ಪಿದೆ. ಈಗ ಕನಸು ಎಂದರೆ 30-40 ಸೈಟು. 'ನಿಮ್ಮ ಕನಸಿನ ಮನೆ' ಎಂದು ಹೆದ್ದಾರಿ ತುಂಬ ಬೋರ್ಡು. ಮಕ್ಕಳಿಗೆ 'ನನ್ನ ಕನಸು' ಎಂದು ಪ್ರಬಂಧ ಬರೆಸಿದೆವು, ಬಂದ ಪ್ರಬಂಧಗಳಲ್ಲೆಲ್ಲ ಡಾಕ್ಟರು, ಐಎಎಸ್ಸು, ಅಮೆರಿಕ. ಒಬ್ಬಳು ಮಾತ್ರ ರಾತ್ರಿ ಕಂಡ ಆನೆ ಬಗ್ಗೆ ಬರೆದಿದ್ದಳು, ಅವಳಿಗೇ ಬಹುಮಾನ ಕೊಟ್ಟೆ, ಪಾಲಕರಿಂದ ಬೈಸಿಕೊಂಡೆ. ಅಜ್ಜಿ ಬೆಳಗ್ಗೆ ಮುಖ ತೊಳೆದು ಜಗುಲಿಯಲ್ಲಿ ಕೂತು ಏನು ಕಂಡ್ಯೋ ಎಂದು ಕೇಳುತ್ತಿದ್ದರು. ಈಗ ಅಲಾರಂ ಹೊಡೆಯುತ್ತೆ, ಕಣ್ಣು ಬಿಟ್ಟ ಕೂಡಲೇ ಮೊಬೈಲು, ಕನಸು ಅಲ್ಲೇ ಸತ್ತಿತು. ಅದಕ್ಕೇ ನನಗೆ ಈ ಪೇಗನ್ನರ ಮೇಲೆ ಪ್ರೀತಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಸುಮಾರು 74,000 ಜನ ತಾವು ಪೇಗನ್ ಎಂದು ಬರೆಸಿದ್ದಾರೆ. ಆ ಪದ ಲ್ಯಾಟಿನ್ನಿನ 'ಪಾಗಾನುಸ್'ನಿಂದ ಬಂದದ್ದು, ಅರ್ಥ ಹಳ್ಳಿಯವನು. ಆಮೇಲೆ ಅದೇ ಬೈಗುಳವಾಯಿತು. ನಮಗೂ ಇದು ಹೊಸದಲ್ಲ.

ಪತ್ರದ ಕೊನೆಯಲ್ಲಿ, ಗುಂಪಿನ ಒಬ್ಬರು ಥೈರಾಯ್ಡ್ ಮಾತ್ರೆ ಬಿಡಿ, ದೇವರು ನೋಡಿಕೊಳ್ಳುತ್ತಾನೆ ಎಂದಿದ್ದನ್ನು ಬರೆದಿದ್ದೀರಿ. ಬಿಡಬೇಡಿ. ಅಸ್ಕ್ಲೀಪಿಯಸ್‌ಗೆ ಏಲಿಯಸ್ ಅರಿಸ್ಟೈಡಿಸ್ ಎಂಬ ಹಳೆಯ ಗ್ರೀಕ್ ಭಾಷಣಕಾರನಿಗಿಂತ ದೊಡ್ಡ ಭಕ್ತ ಸಿಗುವುದು ಕಷ್ಟ. ಪೆರ್ಗಮಾನ್‌ನ ಗುಡಿಯಲ್ಲಿ ಕನಸು ಕಾಯುತ್ತ ಕಾಲ ಕಳೆದವನು, ಕನಸಿನ ಟಿಪ್ಪಣಿಯೇ 3,00,000 ಸಾಲು ಎಂದು ಹೇಳಿಕೊಂಡವನು, ದೇವರು ಹೇಳಿದ ಎಂದು ಚಳಿಗಾಲದಲ್ಲಿ ಹೊಳೆಗೆ ಹಾರಿದವನು. ಅವನೂ ಪಕ್ಕದಲ್ಲಿ ವೈದ್ಯರನ್ನು ಇಟ್ಟುಕೊಂಡಿದ್ದ. ಮೈಯ ಒಂದು ಭಾಗ ಕತ್ತರಿಸಿ ಒಪ್ಪಿಸು ಎಂದು ಕನಸಾದಾಗ, ಅದೇ ದೇವರು ಬೆರಳಿನ ಉಂಗುರ ಕೊಟ್ಟರೂ ಸಾಕು ಎಂದನಂತೆ. ಚೌಕಾಸಿಗೆ ಜಾಗವಿದೆ.

ಗುಂಪಿಗೆ ಹೋಗಿ, ದೀಪ ಹಚ್ಚಿ, ಡೈರಿ ಮಾತ್ರ ಕನ್ನಡದಲ್ಲಿ ಬರೆಯಿರಿ. ಎರಡು ವಾರ ರಾತ್ರಿ ಊಟ ಎಂಟಕ್ಕೇ ಮುಗಿಸಿ ನೋಡಿ, ನಿಮ್ಮವರಿಗೂ ಸಮಾಧಾನ. ಆಮೇಲೂ ಕೇರೆ ಬಂದರೆ, ಅದಕ್ಕೆ ಇಲಿ ಸಿಕ್ಕಿತೋ ಇಲ್ಲವೋ ನೋಡಿ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಜಾಗ ಬಿಟ್ಟಿರುತ್ತೇನೆ.

-ಸಂ.